‘ಯುವರಾಜ’ ಶಬ್ದವಿಚಾರ: ನರಸಿಂಹರಾಜಪುರದ ಹೆಸರಿನ ನಿಮಿತ್ತವಾಗಿ

ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮೂರು ತಾಲ್ಲೂಕುಗಳಿವೆ. ಇವುಗಳಲ್ಲಿ ಮೊದಲಿನ ಎರಡು ಹೆಸರುಗಳು ಹಳೆಯವು. ಕೊಪ್ಪವೆಂಬುದು ಸಣ್ಣ ಊರನ್ನು ಹೇಳುವ ಅಚ್ಚಗನ್ನಡ ಮಾತು. ಶೃಂಗೇರಿಯೆಂಬುದು ಋಷ್ಯಶೃಂಗಗಿರಿಯ ತದ್ಭವವೆಂದು ಪ್ರತೀತಿ. ಮೂರನೆಯ ಹೆಸರು ಮಾತ್ರ ಇಪ್ಪತ್ತನೆಯ ಶತಮಾನದ್ದು. ಅದಕ್ಕೆ ಹಿಂದೆ ಆ ಊರು ಯಡೇಹಳ್ಳಿ. ಕೊಪ್ಪ ತಾಲ್ಲೂಕಿಗೆ ಸೇರಿದ ಉಪತಾಲ್ಲೂಕಿನ ಮುಖ್ಯಸ್ಥಳ. ಮೈಸೂರಿನ ಯುವರಾಜರಾಗಿದ್ದ ಶ್ರೀ ಕಂಠೀರವ ನರಸಿಂಹರಾಜ ಒಡೆಯರವರು ಅಲ್ಲಿಗೆ ದಯಮಾಡಿಸಿದುದರ ಸ್ಮರಣಾರ್ಥವಾಗಿ ಯಡೇಹಳ್ಳಿಯು ನರಸಿಂಹರಾಜಪುರವಾಯಿತು.

ಈ ಹೆಸರನ್ನು ಕೇಳಿದವರು ಸಾಮಾನ್ಯವಾಗಿ ಅದನ್ನು ಮೈಸೂರಿನ ಒಬ್ಬ ಮಹಾರಾಜರ ಹೆಸರೆಂದು ಭಾವಿಸುವರು. ಚರಿತ್ರೆಯನ್ನು ಅಲ್ಪಸ್ವಲ್ಪ ಓದಿದವರಿಗೆ ಹದಿನೇಳನೆಯ ಶತಮಾನದ ರಣಧೀರ ಕಂಠೀರವ ನರಸರಾಜ ಒಡೆಯರ ನೆನಪು ಬರುವುದೂ ಉಂಟು. ಎರಡೂ ತಪ್ಪು. ೧೮೮೮ನೆಯ ಇಸವಿಯಲ್ಲಿ ಜನಿಸಿದ ಈ ನರಸಿಂಹರಾಜರು ನಾಲ್ಮಡಿ ಕೃಷ್ಣರಾಜ ಒಡೆಯರವರ ತಮ್ಮಂದಿರು. ಅವರು ಸಿಂಹಾಸನವನ್ನೇರಲೇ ಇಲ್ಲ. ಅವರು ಯುವರಾಜರೆಂದೇ ಬಾಳಿ, ಯುವರಾಜರೆಂದೇ ೧೯೪೦ನೆಯ ಮಾರ್ಚಿ ತಿಂಗಳಲ್ಲಿ ದಿವಂಗತರಾದರು. ಹೀಗಿರಲು, ರಾಜನಾಗದವನೊಬ್ಬನನ್ನು ನಾವು ಯಾವ ಅರ್ಥದಲ್ಲಿ ‘ಯುವರಾಜ’ನೆನ್ನುತ್ತೇವೆ? ತಮ್ಮನು ಯುವರಾಜನಾಗುವುದು ಹೇಗೆ? ಈ ಪ್ರಶ್ನೆಗಳಿಗೆ ಸಮಾಧಾನವನ್ನು ಹುಡುಕಿದರೆ, ನಮ್ಮ ಕಾವ್ಯಗಳ ಟೀಕೆಗಳಲ್ಲಿಯೂ ಶಾಸನಗಳ ವಿವರಣೆಗಳಲ್ಲಿಯೂ ಬೇರೂರಿರುವ ಒಂದು ಭ್ರಾಂತಿಯು ಹೊರಬೀಳುವುದು.

ಆ ಭ್ರಾಂತಿಯಿದು: ಯುವರಾಜನೆಂದರೆ ಅರಸನ ಹಿರಿಯ ಮಗ, ಹುಟ್ಟಿನಿಂದಲೇ ಅವನಿಗೆ ಆ ಹೆಸರು, ತಂದೆಯ ತರುವಾಯ ಅವನೇ ರಾಜ. ಪಾಠಶಾಲೆಗಳಲ್ಲಿ ನಾವು ಮಕ್ಕಳಿಗೆ ಹೇಳಿಕೊಡುವುದು ಈ ಅರ್ಥವನ್ನೇ. ಪ್ರಕೃತ ಲೇಖನದ ಉದ್ದೇಶವು, ಯುವರಾಜ ಶಬ್ದವು ಜನ್ಮವಾಚಕವಲ್ಲ, ಅಧಿಕಾರವಾಚಕ. ಅದು ಹುಟ್ಟಿನಿಂದ ಬರುವ ಹೆಸರಲ್ಲ, ಕಟ್ಟಿದ ಪಟ್ಟದಿಂದ ಬರುವ ಪದವಿ ಎಂಬುದನ್ನು ತೋರಿಸುವುದಾಗಿದೆ.

೧. ನಿಘಂಟುವೂ ಅರ್ಥಶಾಸ್ತ್ರವೂ

ಭ್ರಾಂತಿಗೆ ಮೂಲವು ಬಹುಮಟ್ಟಿಗೆ ಅಮರಕೋಶವೆಂದು ತೋರುತ್ತದೆ. ಅದರಲ್ಲಿ ಯುವರಾಜ, ಕುಮಾರ, ಭರ್ತೃದಾರಕ ಎಂಬ ಮೂರು ಶಬ್ದಗಳು ಪರ್ಯಾಯಗಳಾಗಿ ಒಟ್ಟಿಗೆ ಬಂದಿವೆ. ಇದನ್ನು ಬಾಯಿಪಾಠಮಾಡಿದವರಿಗೆ ಕುಮಾರನೆಲ್ಲ ಯುವರಾಜನಾಗಿ ಕಾಣುವುದು ಸಹಜ. ಆದರೆ ಈ ಮಾತು ಬರುವುದು ಎಲ್ಲಿ ಎಂಬುದನ್ನು ಗಮನಿಸಬೇಕು. ಅದು ರಾಜರ, ಅಮಾತ್ಯರ, ಸೇನೆಯ ವಿಚಾರವನ್ನು ಹೇಳುವ ಕ್ಷತ್ರಿಯವರ್ಗದಲ್ಲಿಲ್ಲ, ನಾಟ್ಯವರ್ಗದಲ್ಲಿದೆ. ರಂಗದಮೇಲೆ ಪಾತ್ರಗಳು ಒಬ್ಬರನ್ನೊಬ್ಬರು ಹೇಗೆ ಸಂಬೋಧಿಸಬೇಕೆಂಬ ಪ್ರಕರಣದಲ್ಲಿ ಅಮರಸಿಂಹನು ಅದನ್ನು ಹೇಳಿದ್ದಾನೆ. ನಾಟಕದ ಸಂಬೋಧನೆಯನ್ನು ರಾಜ್ಯಾಂಗದ ಲಕ್ಷಣವೆಂದು ತಿಳಿದರೆ ಪ್ರಮಾದವಾಗದೆ ಇರದು.

ರಾಜ್ಯಾಂಗವನ್ನೇ ವಿಷಯವಾಗಿ ಉಳ್ಳ ಗ್ರಂಥವು ಬೇರೆಯ ಮಾತನ್ನು ಹೇಳುತ್ತದೆ. ಮೈಸೂರಿನ ಪ್ರಾಚ್ಯ ಕೋಶಾಗಾರದಲ್ಲಿ ದೊರೆತು, ಆರ್. ಶಾಮಶಾಸ್ತ್ರಿಗಳಿಂದ ೧೯೦೯ರಲ್ಲಿ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಯುವರಾಜನು ಹದಿನೆಂಟು ತೀರ್ಥಗಳಲ್ಲಿ, ಎಂದರೆ ರಾಜ್ಯದ ಮುಖ್ಯಾಧಿಕಾರಿಗಳಲ್ಲಿ, ಒಬ್ಬನು. ಮಂತ್ರಿ, ಪುರೋಹಿತ, ಸೇನಾಪತಿಗಳ ಸಾಲಿನಲ್ಲಿ ಅವನ ಗಣನೆ. ಅಧಿಕಾರಿಗಳ ವೇತನವನ್ನು ಹೇಳುವ ಪ್ರಕರಣದಲ್ಲಿ ವಿಷಯವು ಮತ್ತೂ ಸ್ಪಷ್ಟವಾಗುವುದು. ಯುವರಾಜನಿಗೆ ೪೮,೦೦೦ ಪಣ. ಕುಮಾರನಿಗೆ ೧೨,೦೦೦ ಪಣ. ಇಬ್ಬರೂ ಒಬ್ಬನೇ ಆಗಿದ್ದರೆ ಎರಡು ವೇತನಗಳೇಕೆ? ಅರಸನ ಮಕ್ಕಳು ಎಷ್ಟು ಮಂದಿಯಿದ್ದರೂ ಅವರೆಲ್ಲ ಕುಮಾರರು. ಅಧಿಕಾರವನ್ನು ಪಡೆದವನು ಮಾತ್ರ ಯುವರಾಜ. ನಿಘಂಟುವಿನ ಸಾಕ್ಷ್ಯಕ್ಕಿಂತ ಈ ವೇತನದ ಸಾಕ್ಷ್ಯವು ಬಲವಾದುದೆಂದು ಹೇಳಬೇಕಾಗಿಲ್ಲ.

೨. ಇತಿಹಾಸಗಳಲ್ಲಿ ಯೌವರಾಜ್ಯ

ಶೃಂಗೇರಿಯ ಸಮೀಪದ ಕಿಗ್ಗದಲ್ಲಿ ಋಷ್ಯಶೃಂಗೇಶ್ವರನ ದೇವಾಲಯವಿದೆ. ದಶರಥನಿಗೆ ಮಕ್ಕಳಾಗುವಂತೆ ಪುತ್ರಕಾಮೇಷ್ಟಿಯನ್ನು ನಡಸಿದ ಋಷಿಯೇ ಈ ಋಷ್ಯಶೃಂಗನು. ಆ ಇಷ್ಟಿಯ ಫಲವಾಗಿ ಹುಟ್ಟಿದ ನಾಲ್ವರ ಕಥೆಯಲ್ಲಿ ಯೌವರಾಜ್ಯದ ಪ್ರಸಕ್ತಿಯು ಎರಡು ಸಲ ಬರುತ್ತದೆ. ಮೊದಲನೆಯದು ಎಲ್ಲರಿಗೂ ಗೊತ್ತಿರುವುದು: ದಶರಥನು ಸಭೆಯನ್ನು ಸೇರಿಸಿ, ಪ್ರಜೆಗಳ ಸಮ್ಮತಿಯನ್ನು ಕೇಳಿ, ರಾಮನಿಗೆ ಯೌವರಾಜ್ಯಾಭಿಷೇಕವನ್ನು ಮಾಡಲು ನಿಶ್ಚಯಿಸುವನು. ರಾಮನು ಹಿರಿಯ ಮಗನಾಗಿ ಹುಟ್ಟಿದುದರಿಂದಲೇ ಯುವರಾಜನಾಗಿದ್ದರೆ ಸಭೆಯೂ ಬೇಡ, ಅಭಿಷೇಕವೂ ಬೇಡ. ಎರಡನೆಯದನ್ನು ಬಹುಮಂದಿ ಮರೆಯುವರು. ಲಂಕೆಯಿಂದ ಹಿಂದಿರುಗಿ ಪಟ್ಟವೇರಿದ ರಾಮನು ಯುವರಾಜನಾಗೆಂದು ಲಕ್ಷ್ಮಣನನ್ನು ಕೇಳುವನು. ಅವನು ಒಪ್ಪದಿರಲು ಆ ಪದವಿಯು ಭರತನಿಗೆ ಸಲ್ಲುವುದು. ಅಣ್ಣನು ರಾಜ, ತಮ್ಮನು ಯುವರಾಜ.

ಕಿಷ್ಕಿಂಧೆಯಲ್ಲಿಯೂ ಹೀಗೆಯೇ. ಸುಗ್ರೀವನು ರಾಜನಾದಾಗ ಯುವರಾಜನಾದವನು ಅಣ್ಣನಾದ ವಾಲಿಯ ಮಗ ಅಂಗದ. ಮಹಾಭಾರತದಲ್ಲಿ ಧೃತರಾಷ್ಟ್ರನು ತನ್ನ ನೂರುಮಂದಿ ಮಕ್ಕಳಿರುವಾಗ ತಮ್ಮನ ಮಗನಾದ ಯುಧಿಷ್ಠಿರನನ್ನು ಯೌವರಾಜ್ಯದಲ್ಲಿ ನಿಲ್ಲಿಸುವನು. ಯುದ್ಧಾನಂತರ ಯುಧಿಷ್ಠಿರನು ತಮ್ಮನಾದ ಭೀಮನಿಗೆ ಆ ಪದವಿಯನ್ನು ಕೊಡುವನು. ಹೀಗೆ ತಮ್ಮ, ಅಣ್ಣನ ಮಗ, ತಮ್ಮನ ಮಗ ಈ ಮೂವರೂ ಯುವರಾಜರಾಗಿರುವುದನ್ನು ಇತಿಹಾಸಗಳೇ ಹೇಳುತ್ತವೆ. ‘ಹಿರಿಯ ಮಗ’ ಎಂಬ ಅರ್ಥವನ್ನಿಟ್ಟುಕೊಂಡರೆ ಇವೆಲ್ಲ ಅಪವಾದಗಳಾಗಬೇಕು; ಅಪವಾದಗಳೇ ಹೆಚ್ಚಾದಾಗ ನಿಯಮವನ್ನು ತಿದ್ದಿಕೊಳ್ಳುವುದು ನ್ಯಾಯ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಇಕ್ಷ್ವಾಕುವಂಶದಲ್ಲಿ ಹಿರಿಯನಿಗೇ ರಾಜ್ಯವೆಂದು ರಾಮಾಯಣದಲ್ಲಿಯೇ ಹೇಳಿದೆಯಲ್ಲ, ಭರತನು ರಾಜ್ಯವನ್ನು ಒಲ್ಲೆನೆಂದುದು ಆ ಕಾರಣದಿಂದಲ್ಲವೆ ಎಂದು ಕೇಳಬಹುದು. ನಿಜ, ಜ್ಯೇಷ್ಠಾನುಕ್ರಮವು ಪ್ರಬಲವಾದ ಕುಲಾಚಾರ. ಆದರೆ ಆಚಾರವು ಬೇರೆ, ಶಬ್ದಾರ್ಥವು ಬೇರೆ. ಪದವಿಯನ್ನು ಯಾರಿಗೆ ಕೊಡುವುದು ಯುಕ್ತವೆಂದು ಆಚಾರವು ಹೇಳುವುದು; ಕೊಟ್ಟ ಹೊರತು ಪದವಿ ಬಾರದೆಂಬುದನ್ನು ಅದು ತಪ್ಪಿಸಲಾರದು. ಈ ಭೇದವನ್ನು ಹಿಡಿದುಕೊಂಡರೆ ಅಯೋಧ್ಯಾಕಾಂಡದ ಧರ್ಮಸಂಕಟವು ಇನ್ನಷ್ಟು ತೀಕ್ಷ್ಣವಾಗಿ ತೋರುವುದು. ಕೈಕೇಯಿಯು ಬೇಡಿದುದು ಅರಸನು ಕೊಡಬಹುದಾದ ವಸ್ತುವನ್ನೇ. ಆದಕಾರಣವೇ ದಶರಥನಿಗೆ ‘ಅದು ನನ್ನ ಕೈಯಲ್ಲಿಲ್ಲ’ ಎಂದು ನುಣುಚಿಕೊಳ್ಳಲು ದಾರಿಯಿಲ್ಲದೆ ಹೋಯಿತು. ಸಭೆಗೆ ಕೊಟ್ಟ ಮಾತೊಂದು, ಹೆಂಡತಿಗೆ ಕೊಟ್ಟ ಮಾತೊಂದು, ಎರಡೂ ಅವನವೇ. ರಾಮನೂ, ಕೈಗೆ ಬರಲಿದ್ದ ಪದವಿಯನ್ನು ಬಿಟ್ಟನೇ ಹೊರತು ತನ್ನ ಸ್ವತ್ತನ್ನು ಕಳೆದುಕೊಂಡವನಂತೆ ಮಾತನಾಡುವುದಿಲ್ಲ.

೩. ಶಾಸನಗಳ ಸಾಕ್ಷ್ಯ

ಕಾವ್ಯವನ್ನು ಬಿಟ್ಟು ಕಲ್ಲಿಗೆ ಬರೋಣ. ಮೇಲೆ ಹೇಳಿದ ಕಿಗ್ಗದಲ್ಲಿಯೇ ಏಳನೆಯ ಶತಮಾನದ ಆಳುಪ ಶಾಸನವಿದೆ. ಕದಂಬಮಂಡಲವನ್ನು ಆಳುತ್ತಿದ್ದ ಗುಣಸಾಗರನೆಂಬ ಆಳುವರಸನೂ ಅವನ ಮಹಾದೇವಿಯೂ ಚಿತ್ರವಾಹನನೂ ಅಲ್ಲಿನ ದೇವಾಲಯಕ್ಕೆ ದತ್ತಿಯನ್ನು ಬಿಟ್ಟುದನ್ನು ಅದು ತಿಳಿಸುತ್ತದೆ. ತಂದೆತಾಯಿಗಳೊಡನೆ ದಾನದಲ್ಲಿ ಸೇರಿದ ಈ ಚಿತ್ರವಾಹನನೇ ಮುಂದೆ ಪೊಂಬುಚ್ಚವನ್ನು ಆಳಿದನು. ಚಾಲುಕ್ಯ ವಿಜಯಾದಿತ್ಯನ ತಂಗಿಯಾದ ಕುಂಕುಮಮಹಾದೇವಿಯ ಕೈಹಿಡಿದನು. ಆದರೆ ಕಿಗ್ಗದ ದಾನದಲ್ಲಿ ಅವನು ಮಗನಾಗಿ ಬರುವನೇ ಹೊರತು ಯುವರಾಜನೆಂಬ ಬಿರುದಿನೊಡನೆ ಬರುವುದಿಲ್ಲ. ಮುಂದೆ ಅರಸನಾದನೆಂಬ ಕಾರಣದಿಂದ ಅವನಿಗೆ ಹಿಂದಿನಿಂದಲೇ ಆ ಬಿರುದನ್ನು ತೊಡಿಸುವುದು ನಮ್ಮ ವಿವರಣೆಕಾರರ ಅತಿಪ್ರಸಂಗವಾದೀತು.

ಅಧಿಕಾರದೊಡನೆ ಬಂದ ಯುವರಾಜನನ್ನು ನೋಡಬೇಕಾದರೆ ಲಕ್ಷ್ಮೇಶ್ವರಕ್ಕೆ ಹೋಗಬೇಕು. ಎಂಟನೆಯ ಶತಮಾನದ ಮೊದಲ ಭಾಗದಲ್ಲಿ ಚಾಲುಕ್ಯ ಯುವರಾಜನಾದ ವಿಕ್ರಮಾದಿತ್ಯನು ಪೊರಿಗೆರೆಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಆಚಾರವ್ಯವಸ್ಥೆಯನ್ನು ಕೊಟ್ಟನೆಂದು ಅಲ್ಲಿಯ ಕನ್ನಡ ಶಾಸನವು ಹೇಳುತ್ತದೆ. ಊರವರಿಗೂ ರಾಜಪುರುಷರಿಗೂ ಇರುವ ಹಕ್ಕುಬಾಧ್ಯತೆಗಳನ್ನು ನಿರ್ಣಯಿಸಿ ಶಾಸನವನ್ನು ಹಾಕಿಸಿಕೊಡುವುದು ಬರಿಯ ಅರಸುಮಗನ ಕೆಲಸವಲ್ಲ, ಅಧಿಕಾರಸ್ಥನ ಕೆಲಸ. ಅದೇ ವಂಶದ ವಕ್ಕಲೇರಿಯ ತಾಮ್ರಪಟದಲ್ಲಿ (ಕ್ರಿ.ಶ. ೭೫೭) ಕೀರ್ತಿವರ್ಮನು ಯೌವರಾಜ್ಯವನ್ನು ಪಡೆದಮೇಲೆ ಕಂಚಿಯ ಪಲ್ಲವನನ್ನು ಗೆಲ್ಲಲು ತಂದೆಯ ಅಪ್ಪಣೆಯನ್ನು ಬೇಡಿ ದಂಡೆತ್ತಿ ಹೋದನೆಂದಿದೆ.

ರಾಷ್ಟ್ರಕೂಟರಲ್ಲಿ ಪದವಿಗೆ ಒಂದು ಕುರುಹೂ ಇದ್ದಿತು. ಧ್ರುವನು ತನ್ನ ಮಕ್ಕಳಲ್ಲಿ ಗೋವಿಂದನಿಗೆ ಯೌವರಾಜ್ಯವನ್ನು ಕೊಟ್ಟು ‘ಕಂಠಿಕಾ’ ಎಂಬ ಕೊರಳಾಭರಣವನ್ನು ತೊಡಿಸಿದನು. ಗೋವಿಂದನು ಹಿರಿಯನಲ್ಲ, ಸ್ತಂಭನೆಂಬ ಅಣ್ಣನಿದ್ದನು. ಆ ಅಣ್ಣನು ಮುಂದೆ ದಂಗೆಯೆದ್ದು ಸೋತು ಒಪ್ಪಂದಕ್ಕೆ ಬಂದನು. ಕೊರಳಲ್ಲಿ ತೊಟ್ಟದ್ದು ಅಧಿಕಾರಮುದ್ರೆಯೆಂಬುದಕ್ಕೂ, ಹಿರಿತನವೊಂದೇ ಸಾಲದೆಂಬುದಕ್ಕೂ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಡ.

೪. ಒಲ್ಲೆನೆಂದವರು

ಈ ಗೋವಿಂದನ ತಾಮ್ರಪಟಗಳಲ್ಲಿಯೇ ಬರುವ ಒಂದು ಪ್ರಸಂಗವು ಸಾಹಿತ್ಯವಿಮರ್ಶಕರಿಗೆ ವಿಚಾರಾರ್ಹವಾಗಿದೆ. ತಂದೆಯು ರಾಜ್ಯವನ್ನೇ ಪೂರ್ಣವಾಗಿ ಕೊಡಬಯಸಿದಾಗ ಮಗನು, ಕೊಟ್ಟಿರುವ ಕಂಠಿಕೆಯೇ ತನಗೆ ಸಾಕೆಂದನಂತೆ. ಸುಮಾರು ಮೂರು ಶತಮಾನಗಳ ತರುವಾಯ ಬಿಲ್ಹಣನ ವಿಕ್ರಮಾಂಕದೇವಚರಿತದಲ್ಲಿ ಇಂಥದೇ ಸನ್ನಿವೇಶವು ಕಾಣುತ್ತದೆ. ಕಲ್ಯಾಣದ ಆಹವಮಲ್ಲ ಸೋಮೇಶ್ವರನು ನಡುವಣ ಮಗನಾದ ವಿಕ್ರಮನನ್ನು ಯುವರಾಜನನ್ನಾಗಿ ಮಾಡಬಯಸುವನು. ಅಣ್ಣನಿರುವಾಗ ತನಗದು ಸಲ್ಲದೆಂದು ವಿಕ್ರಮನು ನಿರಾಕರಿಸುವನು. ಕೊನೆಗೆ ಪದವಿಯು ಅಣ್ಣನಿಗೆ, ಭಾರವು ವಿಕ್ರಮನಿಗೆ.

ಈ ಪ್ರಸಂಗವನ್ನು ಹಲವರು ನಡೆದ ಸಂಗತಿಯೆಂದು ಹಾಗೆಯೇ ಸ್ವೀಕರಿಸುತ್ತಾರೆ. ಅದು ಸಂದೇಹಾಸ್ಪದ. ಬಿಲ್ಹಣನು ಕಾಶ್ಮೀರದಿಂದ ಬಂದು ಇದೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯಾಗಿದ್ದವನು. ಅವನ ನಾಯಕನು ಕ್ರಿ.ಶ. ೧೦೭೬ರಲ್ಲಿ ಅಣ್ಣನಾದ ಭುವನೈಕಮಲ್ಲನನ್ನು ಇಳಿಸಿ ಪಟ್ಟವೇರಿ ತನ್ನ ಹೆಸರಿನ ಶಕವನ್ನೇ ನಡೆಯಿಸಿದನು. ಅಣ್ಣನಿಂದ ರಾಜ್ಯವನ್ನು ಕಿತ್ತುಕೊಂಡವನನ್ನು ಧರ್ಮಾತ್ಮನೆಂದು ನಿರೂಪಿಸಬೇಕಾದ ಕವಿಗೆ ಎರಡು ಉಪಾಯಗಳು ಬೇಕಾದವು. ತಂದೆಯ ಇಷ್ಟವು ಮೊದಲಿನಿಂದಲೂ ಇವನ ಕಡೆಗೇ ಇದ್ದಿತೆಂಬುದು ಒಂದು. ಇವನಿಗೆ ಆಶೆಯಿರಲಿಲ್ಲವೆಂಬುದು ಇನ್ನೊಂದು. ನಿರಾಕರಣದ ಪ್ರಸಂಗವು ಒಂದೇ ಏಟಿಗೆ ಎರಡನ್ನೂ ಸಾಧಿಸುತ್ತದೆ. ಲಕ್ಷ್ಮಣನು ಒಲ್ಲೆನೆಂದನು, ಗೋವಿಂದನು ಸಾಕೆಂದನು, ವಿಕ್ರಮನು ಬೇಡವೆಂದನು. ಪದವಿಯನ್ನು ಬೇಡವೆನ್ನುವುದೇ ಅದಕ್ಕೆ ಅರ್ಹತೆಯೆಂಬುದು ಕವಿಗಳಲ್ಲಿಯೂ ಪ್ರಶಸ್ತಿಕಾರರಲ್ಲಿಯೂ ಒಂದು ಸಮಯವಾಗಿಬಿಟ್ಟಿತೆಂದು ಊಹಿಸಬೇಕಾಗುತ್ತದೆ. ಆದರೂ ಬಿಲ್ಹಣನ ಸಾಕ್ಷ್ಯವು ನಿಷ್ಪ್ರಯೋಜಕವಲ್ಲ. ಕಟ್ಟುಕಥೆಯೇ ಆದರೂ ಅದು ಆ ಕಾಲದ ವಾಚಕರಿಗೆ ನಂಬತಕ್ಕದ್ದಾಗಿರಬೇಕಷ್ಟೆ. ಅರಸನು ಹಿರಿಯನನ್ನು ಬಿಟ್ಟು ನಡುವಣವನಿಗೆ ಯೌವರಾಜ್ಯವನ್ನು ಕೊಡಬಲ್ಲನೆಂಬುದು ಅವರಿಗೆ ಅಸಂಭಾವ್ಯವಾಗಿ ತೋರಿರಲಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ. ಘಟನೆಗೆ ಅವನು ದುರ್ಬಲ ಸಾಕ್ಷಿ. ಪದ್ಧತಿಗೆ ಒಳ್ಳೆಯ ಸಾಕ್ಷಿ.

೫. ದೇಶಭಾಷೆಯ ಹೆಸರುಗಳು

ಪುನಃ ಶೃಂಗೇರಿಗೆ ಬರೋಣ. ಕ್ರಿ.ಶ. ೧೩೪೬ರಲ್ಲಿ ಹರಿಹರನು ತನ್ನ ತಮ್ಮಂದಿರೊಡನೆ ಅಲ್ಲಿಗೆ ಬಂದು ವಿಜಯೋತ್ಸವವನ್ನು ಮಾಡಿ ಭಾರತೀತೀರ್ಥ ಶ್ರೀಪಾದರಿಗೂ ಅವರ ಶಿಷ್ಯರಿಗೂ ಭೂದಾನವನ್ನು ಕೊಟ್ಟ ಶಾಸನವು ಪ್ರಸಿದ್ಧವಾಗಿದೆ. ಕಂಪಣ್ಣ, ಬುಕ್ಕಣ್ಣ, ಮಾರಪ್ಪ, ಮುದ್ದಪ್ಪ ಎಂಬ ನಾಲ್ವರು ಸೋದರರೂ, ಅಳಿಯ ಬಲ್ಲಪ್ಪ ದಣ್ಣಾಯಕನೂ, ಕುಮಾರ ಸೋವಣ್ಣ ಒಡೆಯನೂ ಅದರಲ್ಲಿ ಉಕ್ತರಾಗಿದ್ದಾರೆ. ಮುಂದೆ ರಾಜ್ಯಕ್ಕೆ ಬಂದವನು ಬುಕ್ಕನಾದುದರಿಂದ ಚರಿತ್ರಕಾರರು ಅವನನ್ನು ಯುವರಾಜನೆಂದು ಕರೆಯುವರು. ಅಧಿಕಾರದ ದೃಷ್ಟಿಯಿಂದ ಅದು ಸರಿಯಾಗಿರಬಹುದು. ಆದರೆ ಈ ಶಾಸನದಲ್ಲಿ ಸೋದರರಿಗೆಲ್ಲ ಸಮಾನವಾದ ಒಡೆತನ. ‘ಕುಮಾರ’ ಶಬ್ದವು ಬಂದಿರುವುದು ಬುಕ್ಕಣ್ಣನಿಗಲ್ಲ, ಸೋವಣ್ಣನಿಗೆ. ಕುಮಾರನೆಂದ ಮಾತ್ರಕ್ಕೆ ಯುವರಾಜನೆಂದು ಅನುವಾದಿಸುವವರು ಇಲ್ಲಿ ಸೋವಣ್ಣನನ್ನೇ ಉತ್ತರಾಧಿಕಾರಿಯನ್ನಾಗಿ ಮಾಡಬೇಕಾದೀತು.

ವಿಜಯನಗರದ ಕೊನೆಗಾಲದಲ್ಲಿ ಉತ್ತರಾಧಿಕಾರಿಗೆ ‘ಚಿಕ್ಕರಾಯ’ನೆಂಬ ಹೆಸರು ಬಳಕೆಯಲ್ಲಿದ್ದಿತು. ಕ್ರಿ.ಶ. ೧೬೧೪ರಲ್ಲಿ ಇಮ್ಮಡಿ ವೆಂಕಟಪತಿರಾಯನು ಮರಣಶಯ್ಯೆಯಲ್ಲಿ ರಾಜಮುದ್ರೆಯ ಉಂಗುರವನ್ನು ಕೊಟ್ಟುದು ಚಿಕ್ಕರಾಯನೆನಿಸಿದ ಶ್ರೀರಂಗನಿಗೆ. ಅವನು ಮಗನಲ್ಲ, ಅಣ್ಣನ ಮಗ. ‘ಚಿಕ್ಕರಾಯ’ವೆಂಬುದು ‘ಯುವರಾಜ’ದ ಮಾತಿಗೆ ಮಾತಾದ ದೇಶ್ಯರೂಪವಷ್ಟೆ. ಇಲ್ಲಿ ‘ಚಿಕ್ಕ’ ಎಂಬುದು ವಯಸ್ಸನ್ನಲ್ಲ, ದೊಡ್ಡರಾಯನಿಗೆ ಎರಡನೆಯವನೆಂಬ ಸ್ಥಾನವನ್ನು ಹೇಳುವುದು. ತಮಿಳಿನ ‘ಇಳಂಗೋ’ ಎಂಬುದಕ್ಕೂ ಅರ್ಥವಿದೇ. ಶಿಲಪ್ಪದಿಕಾರದ ಕವಿಯಾದ ಇಳಂಗೋ ಅಡಿಗಳು ಚೇರ ಶೆಂಗುಟ್ಟುವನ ತಮ್ಮನೆಂದೂ, ರಾಜ್ಯವನ್ನು ಒಲ್ಲದೆ ಸಂನ್ಯಾಸಿಯಾದನೆಂದೂ ಐತಿಹ್ಯ. ಕೊಚ್ಚಿ, ತಿರುವಿದಾಂಕೂರುಗಳ ‘ಇಳಯರಾಜ’ನು, ಅಳಿಯಸಂತಾನದ ಮನೆತನವಾದುದರಿಂದ, ಅರಸನ ಮಗನಾಗಿರುವುದೇ ಸಾಧ್ಯವಿಲ್ಲ, ತಮ್ಮನೋ ಸೋದರಳಿಯನೋ ಆಗಿರಬೇಕು. ದಕ್ಷಿಣದೇಶದ ಭಾಷೆಗಳೆಲ್ಲವೂ ಈ ಪದವಿಯನ್ನು ‘ಕಿರಿಯ ಅರಸು’ ಎಂದೇ ಗ್ರಹಿಸಿದವು, ‘ಅರಸನ ಮಗ’ನೆಂದಲ್ಲ.

ಶೃಂಗೇರಿಯ ಪೀಠದ ಸಂಪ್ರದಾಯವನ್ನೂ ಇಲ್ಲಿ ನೆನೆಯಬಹುದು. ಕರ್ಣಾಟಕಸಿಂಹಾಸನಪ್ರತಿಷ್ಠಾಪನಾಚಾರ್ಯರೆಂಬ ಬಿರುದನ್ನುಳ್ಳ ಅಲ್ಲಿಯ ಜಗದ್ಗುರುಗಳಿಗೆ ಉತ್ತರಾಧಿಕಾರಿಯಾಗುವವರು ಗುರುಗಳ ಶಿಷ್ಯಸ್ವೀಕಾರದಿಂದಲೇ ಆಗತಕ್ಕವರು. ತತ್ಕರಕಮಲಸಂಜಾತರೆಂಬುದು ಅವರ ವಿಶೇಷಣ. ಹುಟ್ಟಿದುದು ತಾಯ ಬಸಿರಿನಿಂದಲ್ಲ, ಗುರುವಿನ ಕೈಯಿಂದ. ಸಂನ್ಯಾಸಪೀಠವೂ ರಾಜಪೀಠವೂ ಬೇರೆಯಾದರೂ, ಕೊಟ್ಟ ಹೊರತು ಪದವಿಯಿಲ್ಲವೆಂಬ ತತ್ತ್ವವು ಅಲ್ಲಿ ಶುದ್ಧರೂಪದಲ್ಲಿ ಕಾಣುತ್ತದೆ.

೬. ಗಂಗರೂ ಮೈಸೂರೂ

ಈಗ ಮೊದಲಿನ ಪ್ರಶ್ನೆಗೆ ಉತ್ತರವು ಸುಲಭವಾಗುವುದು. ನಾಲ್ಮಡಿ ಕೃಷ್ಣರಾಜ ಒಡೆಯರಿಗೆ ಸಂತಾನವಿರಲಿಲ್ಲ. ತಮ್ಮನವರು ಯುವರಾಜರಾದರು. ಅವರು ೧೯೪೦ನೆಯ ಮಾರ್ಚಿಯಲ್ಲಿ ತೀರಿಕೊಂಡರು. ಅದೇ ವರ್ಷದ ಆಗಸ್ಟಿನಲ್ಲಿ ಮಹಾರಾಜರೂ ಕಾಲವಾದರು. ದೊಡ್ಡಪ್ಪನವರ ಸಿಂಹಾಸನವು ೧೯೧೯ರಲ್ಲಿ ಹುಟ್ಟಿದ್ದ ಯುವರಾಜಪುತ್ರ ಶ್ರೀ ಜಯಚಾಮರಾಜ ಒಡೆಯರವರಿಗೆ ಬಂದಿತು. ಐದು ತಿಂಗಳುಗಳ ಅಂತರದಿಂದ ಒಂದು ರಾಜನಾಮವು ಅರಸರ ಪಟ್ಟಿಯಿಂದ ತಪ್ಪಿಹೋಯಿತು.

ಇದನ್ನು ಅಪೂರ್ವವಾದ ಸಂಗತಿಯೆಂದು ಎಣಿಸುವವರು ತಲಕಾಡಿನ ಗಂಗರ ಶಾಸನಗಳನ್ನು ನೋಡಬೇಕು. ಇಮ್ಮಡಿ ರಾಚಮಲ್ಲ ಸತ್ಯವಾಕ್ಯನ ಕಾಲದಲ್ಲಿ, ಕ್ರಿ.ಶ. ೮೭೦ರ ಸುಮಾರಿಗೆ, ಅವನ ತಮ್ಮನಾದ ಬೂತರಸನು ಯುವರಾಜನಾಗಿ ಕೊಂಗಳ್ನಾಡನ್ನೂ ಪೂನಾಡನ್ನೂ ಆಳುತ್ತಿದ್ದನು. ಬೂತರಸನು ಅಣ್ಣನಿಗಿಂತ ಮೊದಲೇ ತೀರಿಕೊಂಡನು. ರಾಚಮಲ್ಲನ ತರುವಾಯ ಪಟ್ಟಕ್ಕೆ ಬಂದವನು ಬೂತರಸನ ಮಗನಾದ ಎರೆಯಪ್ಪ. ಅಣ್ಣನು ರಾಜ, ತಮ್ಮನು ಯುವರಾಜ, ತಮ್ಮನ ಅಕಾಲಮರಣ, ದೊಡ್ಡಪ್ಪನಿಂದ ಮಗನಿಗೆ ರಾಜ್ಯ. ಸಾವಿರ ವರ್ಷಗಳಿಗೂ ಮೀರಿದ ಅಂತರದಲ್ಲಿ, ಕಾವೇರಿಯ ಅದೇ ತೀರಪ್ರದೇಶದಲ್ಲಿ, ಅದೇ ಕ್ರಮವು ಎರಡನೆಯ ಸಲ ನಡೆದಿದೆ. ರಾಜನಾಗದ ಬೂತರಸನನ್ನು ಶಾಸನವು ಯುವರಾಜನೆಂದು ಕರೆದುದು ಹೇಗೆ ಸರಿಯೋ, ರಾಜರಾಗದ ನರಸಿಂಹರಾಜರನ್ನು ನಾವು ಯುವರಾಜರೆಂದು ಕರೆಯುವುದೂ ಹಾಗೆಯೇ ಸರಿ. ಚಿತ್ರವಾಹನನು ಬಿರುದಿಲ್ಲದೆ ರಾಜನಾದನು. ಬೂತರಸನು ಬಿರುದನ್ನು ಹೊತ್ತು ರಾಜನಾಗಲಿಲ್ಲ. ಯೌವರಾಜ್ಯವು ರಾಜ್ಯದ ಮುನ್ನುಡಿಯೆಂಬುದಕ್ಕಿಂತ ತನ್ನಷ್ಟಕ್ಕೆ ಪೂರ್ಣವಾದ ಒಂದು ಪದವಿಯೆಂದು ಹೇಳಬಹುದು.

ನಮ್ಮ ಯುವರಾಜರ ವಿಷಯದಲ್ಲಿಯೂ ಪದವಿಯು ಬರಿದಾಗಿರಲಿಲ್ಲ. ಅವರು ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷಸ್ಥಾನವನ್ನು ಬಹುಕಾಲ ಅಲಂಕರಿಸಿದ್ದರು. ೧೯೨೮ರಲ್ಲಿ ಸ್ಥಾಪಿತವಾದ ಮೈಸೂರಿನ ಯುವರಾಜ ಕಾಲೇಜು ಇಂದಿಗೂ ಪದವಿಯ ಹೆಸರಿನಿಂದಲೇ ನಡೆಯುತ್ತಿದೆ. ೧೯೭೧ರ ಸಂವಿಧಾನದ ಇಪ್ಪತ್ತಾರನೆಯ ತಿದ್ದುಪಡಿಯಿಂದ ಸಂಸ್ಥಾನಾಧೀಶರ ಮನ್ನಣೆಯು ರದ್ದಾದಮೇಲೆ ಈ ಪದವಿಗೆ ರಾಜ್ಯಾಂಗದಲ್ಲಿ ಆಶ್ರಯವಿಲ್ಲ. ಅದು ಉಳಿದಿರುವುದು ಊರ, ಬೀದಿಯ, ವಿದ್ಯಾಶಾಲೆಯ ಹೆಸರುಗಳಲ್ಲಿ, ಮತ್ತು ಕಾವ್ಯಶಾಸನಗಳಲ್ಲಿ.

ಆದುದರಿಂದಲೇ ಅದರ ಅರ್ಥವನ್ನು ಕಾಪಾಡುವ ಹೊಣೆಯು ಈಗ ನಮ್ಮದು. ಶಾಸನಗಳನ್ನು ಸಂಪಾದಿಸುವವರು ‘ಕುಮಾರ’ನಿರುವಲ್ಲಿ ಕುಮಾರನನ್ನೂ ‘ಯುವರಾಜ’ನಿರುವಲ್ಲಿ ಯುವರಾಜನನ್ನೂ ಇರಗೊಡಲಿ. ಉಪಾಧ್ಯಾಯರು ರಾಮಾಯಣವನ್ನು ಹೇಳುವಾಗ, ರಾಮನಿಗೆ ತಪ್ಪಿದ ಪದವಿಯು ಕಡೆಗೆ ಭರತನಿಗೆ ಹೇಗೆ ಬಂದಿತೆಂಬುದನ್ನು ಬಿಡದೆ ಹೇಳಲಿ. ಕೊಪ್ಪದಿಂದ ಭದ್ರೆಯ ಕಡೆಗೆ ಪ್ರಯಾಣಮಾಡುವ ವಿದ್ಯಾರ್ಥಿಯು ನರಸಿಂಹರಾಜಪುರದ ಹೆಸರನ್ನು ಓದಿದಾಗ, ಇದು ಯಾವ ಮಹಾರಾಜರ ಹೆಸರೆಂದು ಕೇಳಿಯಾನು. ಮಹಾರಾಜರ ಹೆಸರಲ್ಲ, ಯುವರಾಜರ ಹೆಸರು ಎಂದು ಹೇಳಿ, ಆ ಎರಡಕ್ಕೂ ಇರುವ ಭೇದವನ್ನು ತಿಳಿಸಿದರೆ, ಯಡೇಹಳ್ಳಿಯೆಂಬ ಹಳೆಯ ಹೆಸರನ್ನು ಕಳೆದುಕೊಂಡುದಕ್ಕೆ ಆ ಊರಿಗೆ ಸ್ವಲ್ಪವಾದರೂ ಪ್ರತಿಫಲವು ಸಂದಂತಾಗುವುದು.